ಕೇಕಿನ ಮೇಲೆ ಚಾಕೊಲೇಟ್ ಎಲೆ

ಕೊಡಗಿನ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರು ಬಿಡುತ್ತದೆ, ಇನ್ನು ಚಾಕೊಲೇಟ್ ಕೇಳಬೇಕಾ? ಹಾಗಂತ ಕೇಕಿಗೆ ಚಾಕೊಲೇಟ್ ಅಲಂಕಾರ ಮನೆಯಲ್ಲಿ ಮಾಡುವುದೇ ಬೇಡ ಅನ್ನುವುದಿಲ್ಲ. ಪಕ್ಕದ ಒಲೆಯಲ್ಲಿ ಕುಕ್ಕರ್ ಇಟ್ಟುಕೊಂಡು ಮಾತ್ರ ಮಾಡಬೇಡಿ. ಕರಗಿದ ಚಾಕೊಲೇಟ್‌ಗೆ ನಾಲ್ಕು ಹನಿ ನೀರು ಬಿದ್ದರೂ ತರಿತರಿಯಾಗಿ ಮುದ್ದೆಗಟ್ಟುತ್ತದೆ. ಆದರೂ ಎಸೆಯಬೇಡಿ. ಬಿಸಿ ಹಾಲನ್ನು ಚಮಚ ಚಮಚವಾಗಿ ಹಾಕಿ ತಿರುವಿದರೆ ಐಸ್‌ಕ್ರೀಮ್ ಮೇಲೆ ಸುರಿಯಲು ಒಳ್ಳೆ ಸಾಸ್ ಆಗುತ್ತದೆ.

ಹೊಸಬರು ಅಂಗಡಿಯಲ್ಲಿ ಕಾಂಪೌಂಡ್ ಚಾಕೊಲೇಟ್ ಕೇಳಿ ತನ್ನಿ. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ, ಸುಮ್ನೆ ಕರಗಿಸಿದರೆ ಸಾಕು. ರುಚಿ ಒಂದು ಕೈ ಕಡಿಮೆಯೇ. ನಿಜವಾದ ಚಾಕೊಲೇಟ್ ಆದರೆ ಹದ ಮಾಡಬೇಕು. 300 ಗ್ರಾಂ ಡಾರ್ಕ್ ಚಾಕೊಲೇಟ್ ಇದ್ದರೆ 200 ಗ್ರಾಂ ಅನ್ನು ಬಿಸಿನೀರಿನ ಪಾತ್ರೆಯ ಮೇಲೆ, ತಳಕ್ಕೆ ನೀರು ತಾಗದಂತೆ ಬಟ್ಟಲಿಟ್ಟು ಕರಗಿಸಿ. 45 ಡಿಗ್ರಿಗೆ ಬಂದಾಗ ಕೆಳಗಿಳಿಸಿ, ಬಟ್ಟಲಿನ ತಳ ಒರೆಸಿ. ಉಳಿದ 100 ಗ್ರಾಂ ಸಣ್ಣಗೆ ಹೆಚ್ಚಿ ಹಾಕಿ, 31-32 ಡಿಗ್ರಿಗೆ ಇಳಿಯುವವರೆಗೆ ತಿರುವುತ್ತಾ ಇರಿ. ಥರ್ಮಾಮೀಟರ್ ಇಲ್ಲವಾ? ತುಟಿಯ ಕೆಳಗೆ ಒಂದು ಚೂರು ಹಚ್ಚಿ ನೋಡಿ, ತುಸು ತಣ್ಣಗೆ ಅನ್ನಿಸಬೇಕು. ಚಾಕುವಿನ ತುದಿಗೆ ಹಚ್ಚಿಟ್ಟರೆ ಐದಾರು ನಿಮಿಷದಲ್ಲಿ ಹೊಳಪಾಗಿ ಗಟ್ಟಿಯಾದರೆ ಹದ ಬಂತು.

ನನಗೆ ಇಷ್ಟವಾದದ್ದು ಎಲೆ. ಹಿತ್ತಲಿನ ಕಿತ್ತಳೆ ಅಥವಾ ಗುಲಾಬಿ ಎಲೆ ಒಳ್ಳೆಯದು. ಕಾಫಿ ಎಲೆಯ ನರ ಎಷ್ಟು ಚಂದ ಅಂತ ಆಸೆಯಾಗುತ್ತದೆ, ಆದರೆ ತೋಟಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಮದ್ದು) ಹೊಡೆದಿರುತ್ತಾರಲ್ವಾ, ಮುಟ್ಟಬೇಡಿ. ಕಣಗಿಲೆ, ದತ್ತೂರಿ ವಿಷ, ಅದರ ಹತ್ತಿರವೂ ಹೋಗಬೇಡಿ. ಮದ್ದು ಹೊಡೆಯದ ಎಲೆಯನ್ನು ತೊಟ್ಟು ಸಮೇತ ಕೊಯ್ದು, ತೊಳೆದು, ಒಂದು ಚೂರೂ ಪಸೆ ಇಲ್ಲದಂತೆ ಒರೆಸಿ. ಚಾಕೊಲೇಟ್ ಹಚ್ಚಬೇಕಾದ್ದು ಎಲೆಯ ಹಿಂಬದಿಗೆ, ನರ ಎದ್ದು ಕಾಣುವುದು ಅಲ್ಲೇ. ಬ್ರಷ್‌ನಲ್ಲಿ ಎರಡು ಸಲ ಹಚ್ಚಿ. ಅಂಚಿನಿಂದ ಆಚೆ ಇಳಿದರೆ ಬಿಡಿಸುವಾಗ ಮುರಿಯುತ್ತದೆ. ಗಟ್ಟಿಯಾದ ಮೇಲೆ ತೊಟ್ಟು ಹಿಡಿದು ಹಸಿರೆಲೆಯನ್ನೇ ಮೆಲ್ಲಗೆ ಎಳೆಯಿರಿ, ಚಾಕೊಲೇಟನ್ನು ಎಳೆಯಬೇಡಿ. ಕೈ ಬಿಸಿ ಇರುವವರು ಮೊದಲು ತಣ್ಣೀರಲ್ಲಿ ಕೈ ಅದ್ದಿ ಚೆನ್ನಾಗಿ ಒರೆಸಿಕೊಳ್ಳಿ.

ಚಾಕೊಲೇಟ್ ಸುರುಳಿಗೆ ಇಷ್ಟು ರಗಳೆ ಇಲ್ಲ. ಚಾಕೊಲೇಟ್ ಗಟ್ಟಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು, ತರಕಾರಿ ಸಿಪ್ಪೆ ತೆಗೆಯುವ ಪೀಲರ್‌ನಲ್ಲಿ ಎಳೆಯಿರಿ. ಪುಡಿಪುಡಿಯಾದರೆ ಇನ್ನೂ ತಣ್ಣಗಿದೆ ಅಂತ ಅರ್ಥ. ಬಳ್ಳಿ, ಚುಕ್ಕಿ ಬೇಕಾದವರು ಬಟರ್ ಪೇಪರ್ ಅನ್ನು ಮೆಹಂದಿ ಕೋನ್ ಹಾಗೆ ಸುತ್ತಿ, ಇನ್ನೊಂದು ಬಟರ್ ಪೇಪರ್ ಮೇಲೆ ಬಿಡಿಸಿ. ಗೆರೆ ತೀರಾ ತೆಳು ಬೇಡ, ಎತ್ತುವಾಗ ಮುರಿದೀತು. ಅದೂ ಬೇಡವೆಂದರೆ ಹುರಿದ ಕಾಫಿ ಬೀಜವನ್ನು ಚಾಕೊಲೇಟ್‌ನಲ್ಲಿ ಅದ್ದಿ ಒಣಗಿಸಿ. ಮಡಿಕೇರಿ ಅಂಗಡಿಗಳ ಹೋಮ್‌ಮೇಡ್ ಚಾಕೊಲೇಟ್‌ಗೇನೂ ಕಡಿಮೆಯಿಲ್ಲ!

ಡಿಸೆಂಬರ್ ಚಳಿಯಲ್ಲಿ ಫ್ರಿಜ್ ಬೇಕಿಲ್ಲ, ಗಾಳಿಯಾಡದ ಡಬ್ಬಿಯಲ್ಲಿ ಪೇಪರ್ ಹಾಸಿ ಇಟ್ಟರೆ ಸಾಕು. ಫ್ರಿಜ್‌ನಲ್ಲಿ ಇಡಲೇಬೇಕಾದರೆ, ಹೊರಗೆ ತಂದ ತಕ್ಷಣ ಮುಚ್ಚಳ ತೆಗೆಯಬೇಡಿ. ಪಸೆ ಕೂತು, ಸಕ್ಕರೆ ಕರಗಿ, ಬಿಳಿ ಕಲೆ ಬೀಳುತ್ತದೆ. ಕ್ರೀಮ್ ಕೇಕ್ ಆದರೆ ಎಲೆಗಳನ್ನು ಬಡಿಸುವ ಹೊತ್ತಿಗೇ ಸಿಕ್ಕಿಸಿ.