ಸಣ್ಣ ಟ್ರ್ಯಾಕ್ಟರ್‌ಗೆ ಜೆಸಿಬಿ ಕೈ: ಮೂರನೇ ಸಲಕ್ಕೆ ಕೂತಿತು

ಟ್ರ್ಯಾಕ್ಟರಿನ ಹಿಂದೆ ಕಟ್ಟಿ ನೆಲ ಅಗೆಯುವ ಹೈಡ್ರಾಲಿಕ್ ಕೈಗೆ ನಮ್ಮ ಕಡೆ ಬ್ಯಾಕ್‌ಹೋ ಅಂದರೆ ಯಾರಿಗೂ ಗೊತ್ತಾಗಲ್ಲ, ಜೆಸಿಬಿ ಕೈ ಅನ್ನಬೇಕು. ಹೋದ ದೀಪಾವಳಿಯಿಂದ ನನ್ನ 27 ಎಚ್‌ಪಿ ಟ್ರ್ಯಾಕ್ಟರ್ ಆ ಕೈ ಹೊತ್ತುಕೊಂಡು ಸುಮಾರು 400 ತಾಸು ದುಡಿದಿದೆ. ಮಗುಚಿಲ್ಲ. ಹೌಸಿಂಗ್, ಅಂದರೆ ಗೇರು-ಆಕ್ಸೆಲ್ ಕೂತಿರುವ ಬೀಡು ಕಬ್ಬಿಣದ ಪೆಟ್ಟಿಗೆ, ಒಡೆದಿಲ್ಲ. ಮೊದಲ ದಿನ ಕಟ್ಟೆ ಮೇಲೆ ಕೂತಿದ್ದ ನಮ್ಮ ಕಾಕಾ, "ಇದು ದ್ರಾಕ್ಷಿಗೆ ಎಣ್ಣಿ ಹೊಡಿಯೂ ಗಾಡಿ ಐತೋ ತಮ್ಮಾ, ನೆಲಾ ಹಡ್ಡೂದಲ್ಲ" ಅಂದಿದ್ದರು (ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ಔಷಧಿ). ಅವರದ್ದು ಪೂರ್ತಿ ತಪ್ಪು ಅಂತ ಹೇಳಲ್ಲ, ಮೊದಲ ಎರಡು ಸಲ ಅವರು ಹೇಳಿದಂತೆಯೇ ಆಯಿತು.

ತೋಟ ಇರುವುದು ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ. ದ್ರಾಕ್ಷಿ ನಾಲ್ಕೂವರೆ ಎಕರೆ, ಕೆಳಗೆ ಸ್ವಲ್ಪ ಕಬ್ಬು. ಸಾಲಿನಿಂದ ಸಾಲಿಗೆ 9 ಅಡಿ. ಏಳು ಟನ್ ಮೇಲಿನ ದೊಡ್ಡ ಜೆಸಿಬಿ ಅಲ್ಲಿ ಒಳಗೆ ಬರುವ ಮಾತೇ ಇಲ್ಲ, ಬಂದರೂ ನೆಲ ತುಳಿದು ಹೆಂಚು ಮಾಡಿ ಹೋಗುತ್ತದೆ. ಆಳಿನಿಂದ ಅಗೆಸೋಣ ಅಂದರೆ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಟೈಮಿಗೆ ಆಳು ಎಲ್ಲಿ ಸಿಗುತ್ತಾರೆ? ಮೇಲಾಗಿ ತುಬಚಿ-ಬಬಲೇಶ್ವರ ಏತ ನೀರಾವರಿ ನೀರು ಬಂದ ಮೇಲೆ ಸುತ್ತಮುತ್ತ ಎಲ್ಲರಿಗೂ ಪೈಪ್‌ಲೈನ್ ಹುಚ್ಚು. ಎರಡೂವರೆ ಅಡಿ ಆಳ, ಒಂದಡಿ ಅಗಲ, ಇಷ್ಟೇ ಕೆಲಸ. ಅದಕ್ಕೆ ದೊಡ್ಡ ಗಾಡಿ ತರಿಸಿದರೆ ಮೂರಡಿ ಅಗಲ ಹಳ್ಳ ತೋಡಿ ಇಟ್ಟು ಹೋಗುತ್ತಾರೆ, ಅದನ್ನು ಮುಚ್ಚುವುದಕ್ಕೆ ಮತ್ತೆ ದುಡ್ಡು.

ಮೊದಲ ತಪ್ಪು ಸುಮಾರು 95 ಸಾವಿರದ್ದು. ಸಾಂಗ್ಲಿ ಕಡೆಯಿಂದ ಒಂದು ಹಳೆಯ ಕೈ ತಂದೆ. ಟ್ರ್ಯಾಕ್ಟರಿನ ಹಿಂದಿನ ಮೂರು ಪಾಯಿಂಟಿಗೆ ತಗುಲಿಸುವಂಥದ್ದು, ನೇಗಿಲು ಹಾಕಿದ ಹಾಗೆ ಕೆಳಗೆ ಎರಡು ಪಿನ್ನು, ಮೇಲೆ ಟಾಪ್ ಲಿಂಕ್ ಅನ್ನೋ ಒಂದು ರಾಡ್, ಮುಗೀತು. ಮಾರಿದವನು "ಏಳೂವರೆ ಅಡಿ ಆಳ ತೆಗೀತೈತ್ರಿ" ಅಂದ. ನನ್ನ ತಲೆಯಲ್ಲೂ ಆಳ ಒಂದೇ ಇತ್ತು. ಈಗ ಯಾರು ಕೇಳಿದರೂ ಇದೇ ಪ್ರಶ್ನೆ, ಎಷ್ಟು ಅಡಿ ತೆಗೀತೈತಿ ಅಂತ. ಅರೆ, ನಿನಗೆ ಬೇಕಾದದ್ದು ಎಷ್ಟು? ಡ್ರಿಪ್ ಮೇನ್‌ಲೈನಿಗೆ ಎರಡೂವರೆ ಅಡಿ, ಸವಳು-ಜವಳು ಹೊಲಕ್ಕೆ ಬಸಿಗಾಲುವೆ ಪೈಪ್ ಹಾಕಿದರೆ ನಾಲ್ಕಡಿ. ಇನ್ನುಳಿದ ಮೂರೂವರೆ ಅಡಿ ಸುಮ್ನೆ ಭಾರ. ಉದ್ದ ಕೈ ಅಂದರೆ ಉದ್ದ ಸಿಲಿಂಡರ್, ದಪ್ಪ ಪ್ಲೇಟು, ಅದೆಲ್ಲ ನೇತಾಡುವುದು ಹಿಂದಿನ ಆಕ್ಸೆಲ್‌ನಿಂದ ಆಚೆ. ನನ್ನ ಗಾಡಿಯ ತೂಕವೇ 700 ಕೆಜಿ ಆಸುಪಾಸು. ಆ ಕೈ 430 ಇತ್ತು. ಬದು ದಾಟುವಾಗ ಮುಂದಿನ ಗಾಲಿ ಎದ್ದು ಸ್ಟಿಯರಿಂಗ್ ಗಾಳಿಯಲ್ಲಿ ತಿರುಗುತ್ತಿತ್ತು.

ಕೈಗೆ ಹೈಡ್ರಾಲಿಕ್ ಎಣ್ಣೆ ಕೊಟ್ಟಿದ್ದು ಟ್ರೇಲರಿನ ಟಿಪ್ಪಿಂಗ್ ಡಬ್ಬಿ ಎತ್ತುವ ಲೈನಿನಿಂದ. ಬೂಮ್, ಅಂದರೆ ಕೈಯ ಬುಡದ ದೊಡ್ಡ ತೋಳು, ಮೇಲೆ ಬರುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಎರಡು ಲಿವರ್ ಕೂಡಿ ಎಳೆದರೆ ಎರಡೂ ನಿಲ್ಲುತ್ತಿದ್ದವು. ಒಂದು ತಾಸು ಆದ ಮೇಲೆ ಡಿಪ್‌ಸ್ಟಿಕ್ ತೆಗೆದು ನೋಡಿದರೆ ಎಣ್ಣೆ ಮಜ್ಜಿಗೆ ನೊರೆ ಹಾಗೆ. ಅದು ಗೇರ್‌ಬಾಕ್ಸಿನದೂ ಅದೇ ಎಣ್ಣೆ, ಅಲ್ವಾ? ಕೈಯ ಹಳೇ ಸಿಲಿಂಡರಿನ ಕಸವೆಲ್ಲ ಟ್ರ್ಯಾಕ್ಟರಿನ ಹೊಟ್ಟೆಗೆ ಹೋಗುತ್ತಿತ್ತು. ನಾಲ್ಕೇ ದಿನಕ್ಕೆ ಬಿಚ್ಚಿಟ್ಟೆ.

ಎರಡನೇ ಸಲ ಪಿಟಿಒ, ಅಂದರೆ ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟಿನಿಂದ ಓಡುವ ಪಂಪ್ ಹಾಕಿಸಿದೆ, ಬೇರೆ ಟಾಕಿ (ಟ್ಯಾಂಕ್), ಬೇರೆ ಎಣ್ಣೆ. ಪಂಪು, ಗೇರ್‌ಬಾಕ್ಸು, ಟಾಕಿ, ಪೈಪು ಎಲ್ಲ ಸೇರಿ 42 ಸಾವಿರ ಆಗಿರಬೇಕು. ಕೈ ಚುರುಕಾಯಿತು. ಚುರುಕಾಗಿದ್ದೇ ತಪ್ಪಾಯಿತು. ಗರಸಿನಲ್ಲಿ, ಅಂದರೆ ಗಟ್ಟಿ ಕಲ್ಲುಮಣ್ಣಿನಲ್ಲಿ, ಬಕೆಟ್ ಸಿಕ್ಕಿಕೊಂಡಾಗ ನಾನು ಎಳೆಯುತ್ತಲೇ ಇದ್ದೆ. ನೆಲ ಏಳಲಿಲ್ಲ, ಕೈಯೇ ಎದ್ದಿತು. ಮೂರು ಪಾಯಿಂಟಿನ ಕೆಳಗಿನ ಪಿನ್ನಿನ ಮೇಲೆ ಇಡೀ ಮಷಿನ್ ಮುಂದಕ್ಕೆ ಮಡಚಿ ಟಾಪ್ ಲಿಂಕ್ ಬಿಲ್ಲಿನ ಹಾಗೆ ಬಗ್ಗಿತು. ನಾನು ಕೂತ ಸೀಟು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಕಡೆ ಬಂತು, ನಡುವೆ ನನ್ನ ಬೆನ್ನು. ಇನ್ನು ಗೇಣು ಬಂದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಆಗಲಾದರೂ ಬುದ್ಧಿ ಬರಬೇಕಿತ್ತು. ನಾನು ಏನು ಮಾಡಿದೆ ಅಂದರೆ ಟಾಪ್ ಲಿಂಕಿನ ಜಾಗಕ್ಕೆ ಎರಡಿಂಚು ದಪ್ಪದ ಗಟ್ಟಿ ರಾಡ್ ಹಾಕಿಸಿದೆ. ಮುಂದಿನ ವಾರ ರಾಡ್ ಬಗ್ಗಲಿಲ್ಲ, ಅದು ಕೂತಿದ್ದ ಬ್ರಾಕೆಟ್ ಹೌಸಿಂಗಿನ ತುಂಡು ಸಮೇತ ಕಿತ್ತು ಬಂತು. ಬೀಡು ಕಬ್ಬಿಣ, ಇಂಥ ಹೊಡೆತ ತಡೆಯುತ್ತದೆಯೇ?

ರಿಪೇರಿ 31 ಸಾವಿರ. ಅದಕ್ಕಿಂತ ಹೊಟ್ಟೆ ಉರಿದದ್ದು ಬೇರೆ. ಅದು ಅಕ್ಟೋಬರ್ ಚಾಟ್ನಿ ಮುಗಿದ ಕಾಲ, ಮೋಡ, ಡೌನಿ ರೋಗ ಬರುವ ಹವಾ. ಟ್ರ್ಯಾಕ್ಟರ್ 18 ದಿನ ಶೆಡ್ಡಿನಲ್ಲಿ. ಎಣ್ಣಿ ಹೊಡೆಯಲು ಪಕ್ಕದವರ ಬ್ಲೋವರ್ ಬಾಡಿಗೆಗೆ ಹಿಡಿದೆ, ಅವರು ಬಂದಾಗ ಬಂದರು. ಆ ವರ್ಷ ಒಂದು ಪ್ಲಾಟಿನ ಮಾಲು ಪೂರ್ತಿ ಮಣೂಕಕ್ಕೆ (ಒಣದ್ರಾಕ್ಷಿಗೆ) ಹೋಯಿತು. ನನ್ನ ಹೆಂಡತಿ ಇವತ್ತಿಗೂ ಆ ಲೆಕ್ಕವನ್ನು ಜೆಸಿಬಿ ಕೈಯ ಖಾತೆಗೇ ಬರೆಯುತ್ತಾಳೆ.

ಒಬ್ಬ ಡೀಲರ್ ಆಗ "ಎಚ್‌ಪಿ ಕಡಿಮೆ ಆಯ್ತು ಸಾಹೇಬ್ರ, 45ರ ಗಾಡಿ ತಗೋರಿ" ಅಂದ. ಇದು ಶುದ್ಧ ಸುಳ್ಳು. ನಿಮಿಷಕ್ಕೆ 25 ಲೀಟರ್ ಎಣ್ಣೆ, 150 ಬಾರ್ ಪ್ರೆಶರ್ ಅಂದರೆ ಎಂಟೂವರೆ ಎಚ್‌ಪಿ ಆಗುತ್ತದೆ, ಹೆಚ್ಚು ಹಿಡಿದರೂ ಹತ್ತು ಹನ್ನೊಂದು. 27ರ ಗಾಡಿ ನಿದ್ದೆಯಲ್ಲೇ ಕೊಡುತ್ತದೆ. ಕಡಿಮೆ ಬಿದ್ದದ್ದು ಎಚ್‌ಪಿ ಅಲ್ಲ, ಬೆನ್ನೆಲುಬು. ಕೈಯ ಎಳೆತ ಟ್ರ್ಯಾಕ್ಟರಿನ ಲಿಫ್ಟಿನ ಮೇಲೆ ಬೀಳಬಾರದು, ಗಾಡಿಯ ಉದ್ದಕ್ಕೂ ಹರಿದು ಹೋಗಬೇಕು. ಅಂದರೆ ಹೊಟ್ಟೆ ಕೆಳಗೆ ಸಬ್‌ಫ್ರೇಮ್ ಬೇಕೇ ಬೇಕು.

ಮೂರನೇ ಸಲ ಹಳೇ ಕೈಯನ್ನು 60 ಸಾವಿರಕ್ಕೆ ಮಾರಿದೆ, ಪಂಪು-ಟಾಕಿ ಇಟ್ಟುಕೊಂಡೆ. ಎಲ್ಲ ಕಡೆ ಅಳತೆ ಟೇಪ್ ಹಿಡಿದು ತಿರುಗಿದೆ. ಫ್ರೇಮ್ ಸಮೇತ ರೆಡಿ ಸಿಗುವವು 35, 40 ಎಚ್‌ಪಿ ಮೇಲಿನ ಗಾಡಿಗೆ, ತೂಕ 500ರ ಮೇಲೆ, ಬೆಲೆ ಮೂರೂವರೆ ಲಕ್ಷ ಹೇಳಿದರು. ಮಿನಿ ಎಕ್ಸ್‌ಕವೇಟರ್ ಬೆಲೆ ಕೇಳಿ ಸುಮ್ಮನಾದೆ. ಕೊನೆಗೆ ಆರಡಿ ಆಳದ, ಸುಮಾರು 270 ಕೆಜಿಯ ಕೈ ಒಂದು ಸಿಕ್ಕಿತು, ಫ್ರೇಮ್ ಇಲ್ಲದ್ದು, 1 ಲಕ್ಷ 40 ಸಾವಿರಕ್ಕೆ. ಆರಿಸುವಾಗ ನಾನು ನೋಡಿದ್ದು ಬೇರೆಯವರು ನೋಡದ ಎರಡು ಅಳತೆ. ಒಂದು, ಕೈ ದುಡಿಯುವಾಗ ನೆಲಕ್ಕೆ ಊರುವ ಜಾಕ್ ಕಾಲು ಅಗಲಿಸಿದಾಗ ಹೊರಗಿನಿಂದ ಹೊರಗೆ ಎಷ್ಟು. ಏಳಡಿ ಮೇಲಿದ್ದರೆ ನನ್ನ 9 ಅಡಿ ಸಾಲಿನಲ್ಲಿ ಬಳ್ಳಿ ಬುಡಕ್ಕೇ ಹೋಗಿ ಕೂರುತ್ತದೆ. ಇದು ಆರೂಕಾಲು. ಎರಡು, ಮಡಚಿದಾಗ ಬೂಮಿನ ಎತ್ತರ. ಬಳ್ಳಿಗೆ ವಾಯ್ (Y) ಆಕಾರದ ಆ್ಯಂಗಲ್ ಇರುವ ಪ್ಲಾಟಿನಲ್ಲಿ ನಡುವೆ ತೆರವು ಇರುತ್ತದೆ, ತೊಂದರೆ ಇಲ್ಲ. ಹಳೇ ಚಪ್ಪರದ ಪ್ಲಾಟಿನಲ್ಲಿ ತಂತಿ ಆರೂವರೆ ಅಡಿಗೇ ಇದೆ. ಮೊದಲ ದಿನವೇ ಮೂರು ತಂತಿ ಹರಿದೆ. ಈಗ ಬೂಮನ್ನು ಹಿಂದಕ್ಕೆ ಅರ್ಧ ಚಾಚಿ ಒಳಗೆ ಹೋಗುತ್ತೇನೆ, ತಿರುವಿನಲ್ಲಿ ಮಾತ್ರ ಜೀವ ಕೈಯಲ್ಲಿ.

ಫ್ರೇಮನ್ನು ನಮ್ಮ ಮಿಸ್ತ್ರಿ ಮಾಡಿದ. ಎರಡು ಕಡೆ ನಾಲ್ಕಿಂಚು ಚಾನಲ್, ಹಿಂದೆ ಆಕ್ಸೆಲ್ ಹೌಸಿಂಗಿಗೆ, ನಡುವೆ ಕ್ಲಚ್ ಹೌಸಿಂಗಿನ ಪಕ್ಕದ ಬೋಲ್ಟುಗಳಿಗೆ, ಮುಂದೆ ಬಂಪರ್ ಜಾಗಕ್ಕೆ. ಟ್ರ್ಯಾಕ್ಟರಿಗೆ ಎಲ್ಲೂ ವೆಲ್ಡಿಂಗ್ ಇಲ್ಲ, ಬರೀ ಬೋಲ್ಟು. ಇದರಲ್ಲಿ ನಾನು ಹಟ ಹಿಡಿದೆ. ಹಿಂದೆ 16 ಎಂಎಂ ಪ್ಲೇಟಿನ ಎರಡು ಕಿವಿ, ಕೈ ಅದರಲ್ಲಿ ನಾಲ್ಕು ಪಿನ್ನಿಗೆ ಕೂರುತ್ತದೆ. ಕಿವಿಗಳ ನಡುವೆ ಎಷ್ಟು ಸಡಿಲ ಬಿಟ್ಟಿದ್ದೇವೆ, ಯಾವ ಕಡೆ ಬಿಟ್ಟಿದ್ದೇವೆ ಅನ್ನೋದು ನಾನೂ ಮಿಸ್ತ್ರಿಯೂ ಯಾರಿಗೂ ಹೇಳಲ್ಲ, ಬಂದು ನೋಡಿದವರೂ ಕಂಡುಹಿಡಿದಿಲ್ಲ. ಕಬ್ಬಿಣ, ಕಟಿಂಗ್, ಕೂಲಿ ಸೇರಿ 38 ಸಾವಿರ. ಮುಂದೆ 120 ಕೆಜಿ ಭಾರ ಬೇರೆ. ಫ್ರೇಮಿನಿಂದ ನೆಲದ ಗ್ಯಾಪ್ ಮೂರಿಂಚು ಕಡಿಮೆ ಆಯಿತು, ಕಬ್ಬಿನ ಬೋದಿನಲ್ಲಿ (ಏರಿಸಿದ ಮಣ್ಣಿನ ಸಾಲಿನಲ್ಲಿ) ಒರೆಸುತ್ತದೆ. ಅದನ್ನು ಒಪ್ಪಿಕೊಂಡೆ.

ವಾಲ್ವ್ ಬ್ಲಾಕು, ಸೀಲು ತರಲು ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶಕ್ಕೆ ಹೋದೆ. ಇಲ್ಲಿಂದ ಇನ್ನೂರು ಕಿಲೋಮೀಟರ್ ಆಗುತ್ತದೆ, ಆದರೆ ಹೈಡ್ರಾಲಿಕ್ ಸಾಮಾನಿಗೆ ಅಲ್ಲಿ ಹೋದರೆ ಕೈ ಬೀಸಿಕೊಂಡು ವಾಪಸ್ ಬರುವುದಿಲ್ಲ. ಹಳೇ ಸೀಲು ಕೈಯಲ್ಲಿ ಹಿಡಿದು ಹೋಗಿ, ಫೋನಿನ ಫೋಟೋದಿಂದ ಕೆಲಸ ಆಗಲ್ಲ.

ಏಪ್ರಿಲ್‌ನಲ್ಲಿ ಹೊಸ ತಲೆನೋವು. ಬಿಸಿಲು 41, 42. ಮಧ್ಯಾಹ್ನ ಟಾಕಿ ಮುಟ್ಟಿದರೆ ಕೈ ಚುರ್ರ್. ಎಣ್ಣೆ ನೀರಾಗಿ ಜಾಕ್ ತಾನೇ ಇಳಿಯುತ್ತಿತ್ತು, ಕೈ ಪಕ್ಕಕ್ಕೆ ತಿರುಗುವ ಸ್ವಿಂಗ್ ಸೋಮಾರಿ. ಟಾಕಿ 25 ಲೀಟರಿನದು, ಅದೇ ಕಾರಣ. ಒದ್ದೆ ಗೋಣಿಚೀಲ ಸುತ್ತಿ ನೋಡಿದೆ, ಅರ್ಧ ತಾಸಿಗೆ ಒಣಗಿತು. ಆಮೇಲೆ 45 ಲೀಟರಿನ ಟಾಕಿ ಮಾಡಿಸಿ, 46 ನಂಬರ್ ಎಣ್ಣೆ ತೆಗೆದು ಅದಕ್ಕಿಂತ ಮಂದವಾದ 68 ಹಾಕಿದೆ, ರಿಟರ್ನ್ ಲೈನಿಗೆ ಫಿಲ್ಟರ್ ಕೊಟ್ಟೆ. ಈಗ ಬೆಳಿಗ್ಗೆ ಆರರಿಂದ ಹನ್ನೊಂದು ನಿಲ್ಲಿಸದೆ ಹೊಡೆಯುತ್ತೇನೆ.

ಬಕೆಟ್ ವಿಷಯದಲ್ಲಿ ಎಲ್ಲರೂ 9 ಇಂಚು ಹೇಳುತ್ತಾರೆ. ಕೆಂಪು ಮಣ್ಣಿನವರು ಹೇಳಲಿ. ನಮ್ಮ ಎರೆ ಮಣ್ಣು ಹಸಿ ಇದ್ದಾಗ ಅದರೊಳಗೆ ಬೆಲ್ಲದ ಅಚ್ಚಿನ ಹಾಗೆ ಕೂತುಬಿಡುತ್ತದೆ, ಹಾರೆ ಹಿಡಿದು ಕೆರೆಯಬೇಕು. ನಾನು 12 ಇಂಚಿಗೆ ಬಂದೆ, ಬಾಯಿ ಕಡೆ ಅಗಲ, ತಳದ ಕಡೆ ಒಂದಿಂಚು ಚಿಕ್ಕದು. ಒಳಗೆ ಇನ್ನೊಂದು ಸಣ್ಣ ಕೆಲಸ ಮಾಡಿದ್ದೇನೆ, ಅದು ನನ್ನ ಹತ್ತಿರವೇ ಇರಲಿ. ಮಳೆಗಾಲದಲ್ಲಿ ಮಾತ್ರ ಯಾವ ಬಕೆಟ್ಟೂ ನಡೆಯಲ್ಲ. ಜಾಕ್ ಕಾಲು ಮೊಣಕಾಲವರೆಗೆ ಹೂಳುತ್ತದೆ. ಕಾಲಿನ ಪ್ಲೇಟನ್ನು ಒಂದಡಿ ಚೌಕ ಮಾಡಿ ಕೆಳಗೆ ಜಾಲಿ ಹಲಗೆ ಇಡುತ್ತೇನೆ.

ಗರಸಿಗೆ ಒಂದು ಪ್ರಯೋಗ ಮಾಡಿದೆ. ಬಕೆಟ್ ತೆಗೆದು ಆ ಜಾಗಕ್ಕೆ ಒಂದೇ ಒಂದು ಹಲ್ಲು, ಹಳೇ ರಿಪ್ಪರಿನದು. ಮೊದಲು ಹಲ್ಲಿನಿಂದ ಸೀಳಿ, ಆಮೇಲೆ ಬಕೆಟ್ಟಿನಿಂದ ಎತ್ತುವುದು. ಬದಲಿಸಲು ಹತ್ತು ನಿಮಿಷ ಹೋಗುತ್ತದೆ, ಆದರೆ ತಾಸಿಗೆ 35 ಅಡಿ ಆಗುತ್ತಿದ್ದದ್ದು 60 ದಾಟಿತು. ಎರೆಯಲ್ಲಿ, ಹದ ಇದ್ದರೆ, 110 ಅಡಿ ಸುಮಾರು. ಅದೇ ಹಲ್ಲಿನಿಂದ ಹಳೇ ದ್ರಾಕ್ಷಿ ಬುಡ ಕೀಳುತ್ತೇನೆ, ಒಂದಕ್ಕೆ ಎರಡು ನಿಮಿಷ, ಹಲ್ಲು ನೋವಿನ ಡಾಕ್ಟರ್ ಹಾಗೆ. ಇಂಡಿ ಕಡೆ ಬೀಗರ ನಿಂಬೆ ತೋಟಕ್ಕೆ ಗುಂಡಿ ತೋಡಲು ಹೈಡ್ರಾಲಿಕ್ ಮೋಟಾರಿನ ಆಗರ್ (ನೆಲ ಕೊರೆಯುವ ಸುರುಳಿ) ಕಟ್ಟಿದ್ದೆ. ಅದು ಪೂರ್ತಿ ಫೇಲ್. ಎಣ್ಣೆ ಸಾಲದೆ ಸುತ್ತುವುದೇ ಇಲ್ಲ. 14 ಸಾವಿರ ಅಲ್ಲಿಗೆ ಹೋಯಿತು, ಮೋಟಾರ್ ಈಗ ಶೆಡ್ಡಿನ ಬಾಗಿಲಿಗೆ ಆಸರೆ.

ದೊಡ್ಡ ಜೆಸಿಬಿ ಓಡಿಸಿದ ಹುಡುಗನನ್ನು ಕೂರಿಸಬೇಡಿ. ನಾನು ಕೂರಿಸಿದೆ. ಅವರಿಗೆ ಬಕೆಟ್ಟಿನಿಂದ ಪಕ್ಕಕ್ಕೆ ಹೊಡೆದು ಮಣ್ಣು ಸರಿಸುವ ಚಟ. ಎರಡು ದಿನಕ್ಕೆ ಸ್ವಿಂಗ್ ಪಿನ್ನು ತುಂಡು. "ಅಣ್ಣಾರ, ದೊಡ್ಡ ಗಾಡ್ಯಾಗ ಹಿಂಗ ಮಾಡ್ತೇವ್ರಿ" ಅಂದ. ದೊಡ್ಡ ಗಾಡಿಯಲ್ಲಿ ಮಾಡಪ್ಪಾ. ಈಗ ನಾನೇ ಕೂರುತ್ತೇನೆ, ಇಲ್ಲವೇ ತಮ್ಮನ ಮಗ.

ಬಾಡಿಗೆ ತಾಸಿಗೆ 800. ದೊಡ್ಡ ಜೆಸಿಬಿ ನಮ್ಮಲ್ಲಿ 1300 ತೆಗೆದುಕೊಳ್ಳುತ್ತದೆ. ಡೀಸೆಲ್ ತಾಸಿಗೆ ಎರಡೂವರೆ ಲೀಟರ್. ಕೆಟ್ಟುಹೋದದ್ದೆಲ್ಲ ಸೇರಿಸಿ, ಹಳೇ ಕೈ ಮಾರಿದ್ದು ಕಳೆದು, ಸುಮಾರು 3 ಲಕ್ಷ 20 ಸಾವಿರ ಹಾಕಿದ್ದೇನೆ. 400 ತಾಸಿನಲ್ಲಿ ಹೊರಗಿನ ಬಾಡಿಗೆ 260 ತಾಸು ಇರಬಹುದು, ಉಳಿದದ್ದು ಮನೆಯದು. ಡೀಸೆಲ್ ತೆಗೆದರೆ ಅರ್ಧದಷ್ಟು ಹೆಚ್ಚುಕಡಿಮೆ ಬಂತು. ಮೊದಲೇ ಫ್ರೇಮ್ ಮಾಡಿಸಿದ್ದರೆ ಇಷ್ಟೊತ್ತಿಗೆ ಮುಕ್ಕಾಲು ಬಂದಿರುತ್ತಿತ್ತು. ಕಾಕಾ ಕೂಡ ಹೋದ ತಿಂಗಳು 600 ಅಡಿ ಹೊಡೆಸಿದರು. ಬಾಡಿಗೆ ಪೂರ್ತಿ ತೆಗೆದುಕೊಂಡೆ.

ಈಗ ಬೂಮಿನ ಬುಡದಲ್ಲಿ ಪಿನ್ನು ತಿರುಗುವ ಬುಷ್ ಸವೆದು ಟಕ್ ಟಕ್ ಅನ್ನುತ್ತಿದೆ. ನಾಲ್ಕು ತಾಸಿಗೊಮ್ಮೆ ಗ್ರೀಸ್ ಹೊಡೆಯಬೇಕಿತ್ತು, ಹುಡುಗರು ಹೊಡೆದಿಲ್ಲ. ಗನ್‌ಮೆಟಲ್ ಬುಷ್ ಹಾಕೋಣ ಅಂತ ನಾನು, ಸ್ಟೀಲ್ ಬುಷ್ ಹಾಕಿ ಪಿನ್ನು ಮೆತ್ತಗಿಡೋಣ ಅಂತ ಮಿಸ್ತ್ರಿ. ಮೂರು ದಿನದಿಂದ ಈ ಜಗಳ ನಡೆದಿದೆ, ಕೈ ಅವನ ಲೇಥ್ ಮುಂದೆಯೇ ಬಿದ್ದಿದೆ.