ಜೋರು ಮಳೆಗೆ ‘ಹೆವಿಲಿ’, ಜೋರು ಗಾಳಿಗೆ ಏನು?

ಕಾರವಾರದಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಹಾಗಾಗಿ ವರ್ಷದ ಮೊದಲ ಕ್ರಿಯಾವಿಶೇಷಣ ‘ಹೆವಿಲಿ’ಯೇ. ‘ಇಟ್ ರೇನ್ಡ್ ಹೆವಿಲಿ.’

ಮೊದಮೊದಲು ‘ಹೆವಿಲಿ ಅಂದರೆ ಭಾರವಾಗಿ’ ಅಂತ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಆದರೆ ‘ನಿನ್ನೆ ಭಾರವಾಗಿ ಮಳೆ ಬಂತು’ ಅಂತ ನಮ್ಮಲ್ಲಿ ಯಾರಾದರೂ ಹೇಳ್ತಾರಾ? ಜೋರು ಮಳೆ ಬಂತು, ಧೋ ಅಂತ ಸುರಿಯಿತು ಅಂತೀವಿ. ಆಮೇಲೆ ಆ ಸಾಲು ಬರೆಯುವುದನ್ನೇ ಬಿಟ್ಟೆ. ಈಗ ಪದದ ಹುಟ್ಟಿನಿಂದ ಶುರು ಮಾಡುತ್ತೇನೆ.

ಹಳೆಯ ಇಂಗ್ಲಿಷಿನಲ್ಲಿ ‘ಹೆಬ್ಬನ್’ ಅಂದರೆ ಮೇಲೆ ಎತ್ತುವುದು. ಇಂದಿನ ‘ಹೀವ್’ ಬಂದದ್ದು ಅದರಿಂದ. ‘ಹೆವಿ’ಯ ಹಳೆಯ ರೂಪ ‘ಹೆಫಿಗ್’ ಕೂಡ ಅದೇ ಬಳ್ಳಿಯದು. ಮೈಬಗ್ಗಿಸಿ ಎತ್ತಬೇಕಾದದ್ದು ಹೆವಿ. ಇದನ್ನು ಹೇಳಿದ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಅಕ್ಕೋರೇ, ರಂಪಣಿ ಎಳೆದ ಹಾಗಾ?’ ಅಂದಳು. ಹೌದು, ಹಾಗೇ! ರಂಪಣಿ ಅಂದರೆ ಕಡಲಲ್ಲಿ ಮೀನು ಹಿಡಿಯುವ ದೊಡ್ಡ ಬಲೆ; ಅದರ ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ದಡಕ್ಕೆ ಎಳೆಯುತ್ತಾರೆ. ಹಿಮ್ಮಡಿ ಮರಳಲ್ಲಿ ಹೂತುಹೋಗುತ್ತದೆ, ಉಸಿರು ಮೇಲೆ ಕೆಳಗೆ ಆಗುತ್ತದೆ. ಹಗ್ಗ ಜಗ್ಗಿ ಎಳೆಯುವುದಕ್ಕೂ ಇಂಗ್ಲಿಷಿನವರು ‘ಹೀವ್’ ಅನ್ನುತ್ತಾರೆ. ಆಮೇಲೆ ನಾನು ಜಾಸ್ತಿ ವಿವರಿಸಬೇಕಾಗಲಿಲ್ಲ.

‘ಹೆವಿಲಿ’ಯ ಹಳೆಯ ರೂಪಕ್ಕೆ ರಭಸದಿಂದ, ದುಃಖದಿಂದ, ಜಡವಾಗಿ ಎಂಬ ಅರ್ಥಗಳೂ ಇದ್ದವು. ಹಾಗಾಗಿಯೇ ಈ ಪದ ಪಕ್ಕದ ಪದ ನೋಡಿ ಬಣ್ಣ ಬದಲಿಸುತ್ತದೆ. ಉಸಿರಾಟಕ್ಕೆ ಸೇರಿದರೆ ಏದುಸಿರು. ‘ಹೆವಿಲಿ ಪ್ರೆಗ್ನೆಂಟ್’ ನಮ್ಮ ತುಂಬು ಗರ್ಭಿಣಿ. ‘ಹೆವಿಲಿ ಇನ್ ಡೆಟ್’ ಅಂದರೆ ಸಾಲದಲ್ಲಿ ಮುಳುಗಿದವನು. ಚಿಂತೆ ಮನಸ್ಸಿನ ಮೇಲೆ ‘ಹೆವಿಲಿ’ ಕೂತಾಗ ಮಾತ್ರ ನಮ್ಮ ‘ಭಾರ’ ಸರಿಯಾಗಿ ಹೊಂದುತ್ತದೆ. ಮನಸ್ಸು ಭಾರ ಆಯಿತು ಅಂತೀವಲ್ವಾ?

ಮಕ್ಕಳು ನಿಜವಾಗಿ ಎಡವುವುದು ‘ಜೋರು’ ಅನ್ನುವಲ್ಲಿ. ನಮಗೆ ಮಳೆಯೂ ಜೋರು, ಗಾಳಿಯೂ ಜೋರು, ಕೂಗುವುದೂ ಜೋರು. ಇಂಗ್ಲಿಷ್ ಮೂರಕ್ಕೂ ಬೇರೆ ಬೇರೆ ಪದ ಕೇಳುತ್ತದೆ: ಮಳೆ ‘ಹೆವಿಲಿ’, ಗಾಳಿ ‘ಸ್ಟ್ರಾಂಗ್ಲಿ’, ಕೂಗು ‘ಲೌಡ್ಲಿ’. ಇದಕ್ಕೇ ಒಂದು ಇಡೀ ಪೀರಿಯಡ್ ಕೊಡುತ್ತೇನೆ. ಸುಮ್ನೆ ಅರ್ಥ ಬರೆಸಿ ಮುಂದೆ ಹೋದರೆ ಪರೀಕ್ಷೆಯಲ್ಲಿ ಗಾಳಿಯೂ ‘ಹೆವಿಲಿ’ ಬೀಸುತ್ತದೆ.

‘ಹೆವಿ ರೇನ್’, ‘ರೇನ್ಡ್ ಹೆವಿಲಿ’ ಇವೆರಡರ ವ್ಯತ್ಯಾಸಕ್ಕೆ ಹವಾಮಾನ ಇಲಾಖೆಯ ಸೂಚನೆ ಓದಿಸುತ್ತೇನೆ. ಅವರ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಬಿದ್ದರೆ ‘ಹೆವಿ’ ಮಳೆ. ಅಲ್ಲಿ ಅದು ಮಳೆಯ ಹೆಸರಿಗೆ ಅಂಟಿಕೊಂಡಿದೆ. ಸುರಿದ ರೀತಿಯನ್ನು ಹೇಳುವಾಗಲೇ ‘ಹೆವಿಲಿ’ ಬೇಕು.

ಕಳೆದ ಸಲ ಅದೇ ಹುಡುಗಿ ಪ್ರಬಂಧದಲ್ಲಿ ಬಲೆ ಎಳೆದ ಅಪ್ಪನ ಬಗ್ಗೆ ಬರೆದಿದ್ದಳು. ‘ಹಿ ವಾಸ್ ಬ್ರೀದಿಂಗ್ ಹೆವಿ’ ಅಂತ ಬರೆದು, ಕೊನೆಯ ‘ವೈ’ ಅನ್ನು ರಬ್ಬರಿನಿಂದ ಉಜ್ಜಿ ‘ಐ’ ಮಾಡಿ, ಮುಂದೆ ‘ಎಲ್’, ‘ವೈ’ ಸೇರಿಸಿದ್ದಳು. ಉಜ್ಜಿದ ಜಾಗದಲ್ಲಿ ಕಾಗದ ಸ್ವಲ್ಪ ಹರಿದಿತ್ತು.