ಮಿನಿ ಹಿಟಾಚಿಗೆ ಗ್ರ್ಯಾಪಲ್: ಬಾಯಿ ನೋಡುವ ಮೊದಲು ಪೈಪ್ ನೋಡಿ

ಮೆಣಸು ಕುಯ್ದು ಮುಗಿಸಿ, ಮಳೆ ಹಿಡಿಯುವ ಮೊದಲು ಕಾಫಿ ತೋಟದ ಸಿಲ್ವರ್ ಓಕ್ ಕಡಿಸುವವರು ಹಲವರು. ಮರ ಬೀಳಿಸುವುದು ಬೇಗ ಮುಗಿಯುತ್ತದೆ. ಬಿದ್ದ ದಿಮ್ಮಿಯನ್ನು ಗಿಡ ಮುರಿಯದೆ ತೋಟದ ರಸ್ತೆಗೆ ತರುವುದೇ ತಲೆನೋವು. ಮಿನಿ ಹಿಟಾಚಿಯ ಬಕೆಟ್‌ಗೆ ಸರಪಳಿ ಬಿಗಿದು ಎಳೆಸುವುದು ಹಳೇ ರೂಢಿ. (ಮಣ್ಣು ತೆಗೆಯುವ ಸಣ್ಣ ಎಕ್ಸ್‌ಕವೇಟರ್ ಯಾವ ಕಂಪನಿಯದಾದರೂ ನಮ್ಮ ಕಡೆ ಅದು ಹಿಟಾಚಿಯೇ.) ಆದರೆ ಸರಪಳಿ ಹಾಕೋಕೆ ಪ್ರತಿ ಸಲ ಒಬ್ಬರು ದಿಮ್ಮಿ ಪಕ್ಕ ಬಗ್ಗಬೇಕು. ದಿಮ್ಮಿ ಉರುಳಿ ಕಾಲು ಸಿಕ್ಕಿಕೊಳ್ಳುವುದು ಆಗಲೇ. ಬಕೆಟ್ ಜಾಗದಲ್ಲಿ ಕೂರಿಸುವ, ಕಬ್ಬಿಣದ ಬೆರಳುಗಳಿಂದ ದಿಮ್ಮಿ ಕಚ್ಚಿ ಹಿಡಿಯುವ ಗ್ರ್ಯಾಪಲ್ ಇದ್ದರೆ ಆ ಒಬ್ಬರು ದೂರ ನಿಲ್ಲಬಹುದು.

ಯಾವ ಗ್ರ್ಯಾಪಲ್ ಅಂತ ಕೇಳುವ ಮೊದಲು ಟೇಪ್ ಹಿಡಿದು ತೋಟಕ್ಕೆ ಇಳಿಯಿರಿ. ದಿಮ್ಮಿಯ ನಡುವಿನ ಸುತ್ತಳತೆಯನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಉದ್ದದಿಂದ, ಆಮೇಲೆ 80ರಿಂದ ಗುಣಿಸಿ. ಹಸಿ ಮರದ ತೂಕ ಸುಮಾರಾಗಿ ಕೆ.ಜಿ.ಯಲ್ಲಿ ಸಿಗುತ್ತದೆ. 1 ಮೀಟರ್ ಸುತ್ತಳತೆಯ, 3 ಮೀಟರ್ ಉದ್ದದ ದಿಮ್ಮಿ 240 ಕೆ.ಜಿ. ಸುತ್ತಳತೆ ಒಂದೂವರೆ ಮೀಟರ್ ಆದರೆ 540! ಇಲ್ಲಿ ಘನ ಮೀಟರಿಗೆ 1 ಟನ್ ಅಂತ ಹಿಡಿದಿದ್ದೇನೆ. ಸ್ವಲ್ಪ ಜಾಸ್ತಿ ಬಂದರೂ ನಷ್ಟವಿಲ್ಲ. ಮರದ ವ್ಯಾಪಾರಿ ಕೊಟ್ಟ ಅಳತೆಯನ್ನು ಮಾತ್ರ ನಂಬಿ ಕೂರಬೇಡಿ. ಸುತ್ತಳತೆಯ ಕಾಲುಭಾಗ ಹಿಡಿದು ಮಾಡುವ ಆ ಲೆಕ್ಕದಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಮರ ಬಿಟ್ಟೇಹೋಗುತ್ತದೆ. ವ್ಯಾಪಾರಕ್ಕೆ ಅದು ನಡೆಯುತ್ತದೆ, ಆದರೆ ಮಿಷಿನ್ ಪೂರ್ತಿ ಮರವನ್ನೇ ಎತ್ತಬೇಕಲ್ವಾ?

ಈಗ ಮಿಷಿನ್ನಿನ ಪುಸ್ತಕ ತೆಗೆಯಿರಿ. 3 ಟನ್ ಮಿಷಿನ್ ಅಂದರೆ 3 ಟನ್ ಎತ್ತುತ್ತದೆ ಅಂತಲ್ಲ, ಅದು ಮಿಷಿನ್ನಿನದೇ ತೂಕ. ಎತ್ತುವ ತಾಕತ್ತಿನ ಪಟ್ಟಿ ಬೇರೆ ಇರುತ್ತದೆ. ಮುಂದಿನ ಬ್ಲೇಡ್ ನೆಲಕ್ಕೆ ಊರಿ ಎದುರಿಗೆ ಎತ್ತಿದರೆ ಒಂದು ಅಂಕಿ, ಪಕ್ಕಕ್ಕೆ ತಿರುಗಿ ಎತ್ತಿದರೆ ಇನ್ನೊಂದು. ಮಿಷಿನ್ನಿನ ಕೈ, ಅಂದರೆ ಬೂಮ್ ಮತ್ತು ಅದರ ತುದಿಯ ಆರ್ಮ್, ಚಾಚಿದಷ್ಟೂ ಎರಡೂ ಇಳಿಯುತ್ತವೆ. ಪಕ್ಕಕ್ಕೆ, ಪೂರ್ತಿ ಚಾಚಿದಾಗಿನ ಅಂಕಿಯನ್ನೇ ಹಿಡಿಯಿರಿ. ತೋಟದ ರಸ್ತೆಯಲ್ಲಿ ನಿಂತು ಗಿಡಗಳ ಮೇಲಿಂದ ಕೈ ಹಾಕುವಾಗ ನಮಗೆ ಸಿಗುವುದು ಅಷ್ಟೇ. ಆ ಅಂಕಿಯಲ್ಲಿ ಗ್ರ್ಯಾಪಲ್, ತಿರುಗಿಸುವ ರೋಟೇಟರ್, ಬಕೆಟ್ ಬೇಗ ಬದಲಿಸುವ ಕ್ವಿಕ್ ಹಿಚ್ ಇದ್ದರೆ ಅದರದ್ದೂ ತೂಕ ಕಳೆಯಿರಿ. ಪಟ್ಟಿಯಲ್ಲಿ 400 ಇದೆ, ಗ್ರ್ಯಾಪಲ್ ಸಾಮಾನೆಲ್ಲ ಸೇರಿ 150 ಅಂದುಕೊಳ್ಳಿ. ಉಳಿದದ್ದು 250. ಮೇಲಿನ ಸಣ್ಣ ದಿಮ್ಮಿ ಹೆಚ್ಚುಕಮ್ಮಿ ಮುಗಿಸಿಬಿಟ್ಟಿತು. ಇನ್ನೂ ಒಂದು ಮಾತು. ಆ ಪಟ್ಟಿ ಸಮತಟ್ಟಾದ ಗಟ್ಟಿ ನೆಲದ್ದು, ನಮ್ಮ ಇಳಿಜಾರಿನದ್ದಲ್ಲ.

ಇನ್ನು ಗ್ರ್ಯಾಪಲ್ ಆಡಿಸುವ ಹೈಡ್ರಾಲಿಕ್ ಎಣ್ಣೆ ಪೈಪಿನ ವಿಷಯ. ನಾನು ಏಮಾರಿದ್ದು ಇಲ್ಲೇ. 'ಬ್ರೇಕರ್ ಲೈನ್ ಇದೆಯಾ ಸಾರ್? ಹಾಗಾದ್ರೆ ಸಾಕು' ಅಂದರು ಮಾರಿದವರು. ನಂಬಿ ತಂದೆ. ಪೆಡಲ್ ಒತ್ತಿದರೆ ಗ್ರ್ಯಾಪಲ್ ಚೆನ್ನಾಗಿ ಮುಚ್ಚಿಕೊಂಡಿತು. ಬಿಡು ಅಂದರೆ ಬಿಡಲೇ ಇಲ್ಲ. ಕಲ್ಲು ಒಡೆಯುವ ಬ್ರೇಕರ್‌ಗೆ ಎಣ್ಣೆ ಒಂದೇ ದಿಕ್ಕಿನಲ್ಲಿ ಹೋದರೆ ಸಾಕು, ವಾಪಸ್ ಬಂದದ್ದು ಸೀದಾ ಟ್ಯಾಂಕಿಗೆ. ಗ್ರ್ಯಾಪಲ್ಲಿನ ಬೆರಳು ಆಡಿಸುವ ಜಾಕ್‌ಗೆ ಮುಚ್ಚೋಕೆ ಒಂದು ಕಡೆಯಿಂದ, ತೆರೆಯೋಕೆ ಇನ್ನೊಂದು ಕಡೆಯಿಂದ ಎಣ್ಣೆ ಬೇಕು. ಕೆಲವು ಮಿಷಿನ್ನುಗಳಲ್ಲಿ ಇದಕ್ಕೆ ಒಂದು ವಾಲ್ವ್ ತಿರುಗಿಸಿದರೆ ಸಾಕು. ನನ್ನದರಲ್ಲಿ ಅದೂ ಇರಲಿಲ್ಲ, ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಂತಿತು. ಅದಕ್ಕೇ ಎರಡೂ ದಿಕ್ಕಿಗೆ ಎಣ್ಣೆ ಬರುತ್ತದೋ ಇಲ್ಲವೋ ಅಂತ ಮೊದಲೇ ಮೆಕ್ಯಾನಿಕ್‌ನಿಂದ ನೋಡಿಸಿ. ಗ್ರ್ಯಾಪಲ್ ತಿರುಗಲೂ ಬೇಕು ಅಂದರೆ ಇನ್ನೊಂದು ಲೈನ್ ಬೇಕಾಗುತ್ತದೆ. ಇಲ್ಲದಿದ್ದರೆ ಸ್ವಿಚ್ ಒತ್ತಿದಾಗ ಅದೇ ಎಣ್ಣೆಯನ್ನು ರೋಟೇಟರ್ ಕಡೆ ತಿರುಗಿಸುವ ಕರೆಂಟ್ ವಾಲ್ವ್ ಹಾಕಿಸಬಹುದು. ಸಣ್ಣ ರೋಟೇಟರ್‌ಗೆ ಸ್ವಲ್ಪವೇ ಎಣ್ಣೆ ಸಾಕು. ಪೂರ್ತಿ ಬಿಟ್ಟರೆ ದಿಮ್ಮಿ ಗಿರಗಿಟ್ಟಲೆಯಂತೆ ತಿರುಗುತ್ತದೆ.

ತಿರುಗುವುದು ಅಷ್ಟು ಮುಖ್ಯವಾ? ನನ್ನ ಪ್ರಕಾರ ದುಡ್ಡು ಹಾಕಬೇಕಾದದ್ದು ಅಲ್ಲೇ. ಬಕೆಟ್‌ಗೆ ಎದುರಾಗಿ ಕೂರಿಸುವ ಹೆಬ್ಬೆರಳು, ಥಂಬ್ ಅಂತಾರಲ್ಲ, ಅದು ಎಲ್ಲಕ್ಕಿಂತ ಅಗ್ಗ. ಬಕೆಟ್ ಬಿಚ್ಚದೆ ಮಣ್ಣೂ ತೆಗೆಯಬಹುದು, ಬುಡವನ್ನೂ ಎತ್ತಬಹುದು. ರಸ್ತೆ ಬದಿಯ ಒಂದೆರಡು ಮರಕ್ಕೆ ಅಷ್ಟು ಸಾಕು. ಆದರೆ ಅಡ್ಡ ಹಿಡಿದ ದಿಮ್ಮಿ ಅಡ್ಡವೇ ಇರುತ್ತದೆ. ಹಾಗೇ ಎಳೆದರೆ ಎರಡು ಸಾಲು ಗಿಡ ಸವರಿಕೊಂಡು ಬರುತ್ತದೆ. ತಿರುಗುವ ಗ್ರ್ಯಾಪಲ್ ಆದರೆ ಎತ್ತಿ, ಸಾಲಿನ ಉದ್ದಕ್ಕೆ ತಿರುಗಿಸಿ, ಗಿಡಗಳ ನಡುವೆ ಸೂಜಿಯಲ್ಲಿ ದಾರ ಎಳೆದ ಹಾಗೆ ತರಬಹುದು.

ಇದರಲ್ಲೂ ಎರಡು ಬಗೆ. ಜೋತಾಡುವ ಗ್ರ್ಯಾಪಲ್ ದಿಮ್ಮಿ ಬಿದ್ದಿರುವ ಹಾಗೆ ತಾನೇ ಹೊಂದಿಕೊಳ್ಳುತ್ತದೆ, ಲಾರಿ ತುಂಬೋಕೆ ಸಲೀಸು. ಆದರೆ ಅದರಿಂದ ಏನನ್ನೂ ತಳ್ಳೋಕಾಗಲ್ಲ, ಇಳಿಜಾರಿನಲ್ಲಿ ತೂಗಾಡುತ್ತದೆ. ಆರ್ಮ್‌ಗೆ ಬಿಗಿಯಾಗಿ ಕೂರುವ ಬಗೆ ಭಾರ ಜಾಸ್ತಿ, ಹಿಡಿತವೂ ಜಾಸ್ತಿ. ಇಳಿಜಾರು ತೋಟಕ್ಕೆ ನಾನಾದರೆ ಬಿಗಿಯಾದದ್ದನ್ನೇ ಹೇಳುತ್ತೇನೆ, ತೂಕದ ಲೆಕ್ಕ ಒಪ್ಪಿದರೆ ಮಾತ್ರ.

ಬಾಯಿ ನೋಡುವುದು ಈಗ. ಎಷ್ಟು ಅಗಲ ತೆರೆಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಸಣ್ಣದನ್ನು ಹಿಡಿಯುತ್ತದೆ ಅಂತ ಕೇಳಿ. ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು ಬೆರಳಿದ್ದು ಒಂದರೊಳಗೊಂದು ದಾಟಿ ಮುಚ್ಚುವಂತಿದ್ದರೆ ರೆಂಬೆ, ಸೊಪ್ಪನ್ನೂ ಬಾಚಿ ಹಿಡಿಯುತ್ತದೆ. ತುದಿ ಚೂಪಿದ್ದರೆ ನಾಟಾಗೆ ಗಾಯ.

ಗ್ರ್ಯಾಪಲ್ ನಿಮ್ಮ ಮಿಷಿನ್‌ಗೆ ಕೂರಬೇಕಲ್ಲ? ಬಕೆಟ್ ಕೂರುವ ಪಿನ್ನಿನ ದಪ್ಪ, ಎರಡು ಪಿನ್‌ಗಳ ನಡುವಿನ ಅಂತರ, ಆರ್ಮ್ ತುದಿಯ ಅಗಲ, ಈ ಮೂರನ್ನೂ ಮಿಲಿಮೀಟರಿನಲ್ಲಿ ಬರೆದುಕೊಂಡು ಹೋಗಿ.

ದುಡ್ಡು ಕೊಡುವ ಮೊದಲು ನಿಮ್ಮ ಮಿಷಿನ್‌ಗೇ ಹಾಕಿ ನೋಡಿ. ಮೊದಲು ದಿಮ್ಮಿ ಹಿಡಿಯಿರಿ. ಬೆರಳಿನ ತುದಿ ಇರುವಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು, ಅದೂ ದಿಮ್ಮಿ ನೆಲ ಬಿಡುವ ಮೊದಲು. ಆಮೇಲೆ ನೆಲದಿಂದ ಒಂದು ಗೇಣು ಎತ್ತಿ. ಇಂಜಿನ್ ಆಫ್ ಮಾಡಿ, ಎಲ್ಲರೂ ದೂರ ನಿಂತು ಹತ್ತು ನಿಮಿಷ ನೋಡಿ. ಬೂಮ್ ಸ್ವಲ್ಪ ಇಳಿದರೆ ಅದು ಮಿಷಿನ್ನಿನ ಸವಕಲು. ಬೆರಳು ಗೆರೆ ಬಿಟ್ಟು ಸರಿದರೆ ಜಾಕಿನಲ್ಲಿ ಎಣ್ಣೆ ತಡೆಹಿಡಿಯುವ ಲಾಕ್ ವಾಲ್ವ್ ಇಲ್ಲದಿರಬಹುದು, ಇಲ್ಲವೇ ಕೆಟ್ಟಿರಬಹುದು. ಎಣ್ಣೆ ಪೈಪ್ ಒಡೆದ ದಿನ ಅಂಥ ಗ್ರ್ಯಾಪಲ್ ದಿಮ್ಮಿಯನ್ನು ಕೈಬಿಡಬಹುದು. ಅದನ್ನು ಅಲ್ಲೇ ವಾಪಸ್ ಕೊಡಿ.